ಪಕ್ಕದ ಮನೆಯ ಅಕ್ಕನ ಇಂಗ್ಲಿಷ್

ಕಳೆದ ವಾರ ಕೆಲಸದ ಮೇಲೆ ನವನಗರಕ್ಕೆ ಹೋಗಿದ್ದೆ. ಸಂತೆಯಲ್ಲಿ ಯಾರೋ ಕರಿಂಡಿ ಚಟ್ನಿಯ ಡಬ್ಬಿಯ ಮುಚ್ಚಳ ತೆಗೆದರು. ಹಸಿಮೆಣಸಿನಕಾಯಿ, ಅಗಸಿಯ ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಅಕ್ಕ ನೆನಪಾದರು.

ನಾವು ಅಲ್ಲಿ ಬಾಡಿಗೆಗಿದ್ದಾಗ ಅಕ್ಕ ಅಂಗನವಾಡಿ ಸಹಾಯಕಿ. ಕಾರ್ಯಕರ್ತೆಯಾಗಲು ಹತ್ತನೆಯ ತರಗತಿ ಪಾಸಾಗಬೇಕಿತ್ತು. ಉಳಿದದ್ದು ಇಂಗ್ಲಿಷ್ ಒಂದೇ. ನಾನಾಗ ಡಿಗ್ರಿ ಓದುತ್ತಿದ್ದೆ, ಇಂಗ್ಲಿಷ್ ಬರುತ್ತದೆಂಬ ಜಂಬ ಬೇರೆ. ಸಂಜೆ ಪಾಠ ಹೇಳಲು ಒಪ್ಪಿದೆ. ಪ್ರತಿಯಾಗಿ ನಮ್ಮ ಮನೆಗೆ ಕರಿಂಡಿ ಬರುತ್ತಿತ್ತು.

ಈಗಷ್ಟೇ ಮುಗಿದ ಕೆಲಸಕ್ಕೆ ‘ಹ್ಯಾವ್’ ಯಾವಾಗ ಬೇಕು, ಬರೀ ಭೂತಕಾಲ ಯಾವಾಗ ಸಾಕು ಎಂಬಲ್ಲಿ ಅಕ್ಕನ ಗಾಡಿ ನಿಂತುಬಿಡುತ್ತಿತ್ತು. ‘ಐ ಹ್ಯಾವ್ ಕುಕ್ಡ್ ಯಸ್ಟರ್ಡೇ’ ಎಂದು ಬರೆಯುವರು. ನಿನ್ನೆ, ಮೊನ್ನೆ ಎಂದು ಹೊತ್ತು ಹೇಳಿದ ಮೇಲೆ ‘ಹ್ಯಾವ್’ ಬೇಡವೆಂದು ಎಷ್ಟು ಸಲ ಹೇಳಿದ್ದೆನೋ... ನನ್ನ ತಾಳ್ಮೆಯೂ ಅಷ್ಟಕ್ಕಷ್ಟೇ. ಕೊನೆಗೆ ಅವರೇ ದಾರಿ ಕಂಡುಕೊಂಡರು.

“ಕೂಸು ಉಂಡೈತಿ ಅಂದ್ರ ಈಗ ಅದರ ಹೊಟ್ಟಿ ತುಂಬೇತಿ, ಮತ್ತ ನೀಡೋದು ಬ್ಯಾಡ. ಅಲ್ಲಿ ಹ್ಯಾವ್, ಹ್ಯಾಸ್ ಬರ್ತೈತಿ. ನಿನ್ನಿ ಉಂಡಿತು ಅಂದ್ರ ಅದು ನಿನ್ನಿಗೇ ಮುಗೀತು. ಹೌದಿಲ್ಲ ತಂಗಿ?”

ನಮ್ಮ ಕಾಲೇಜಿನಲ್ಲೂ ಯಾರೂ ಇಷ್ಟು ಚೆಂದ ಹೇಳಿರಲಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಲು ನನಗೆ ಮನಸ್ಸಾಗಲಿಲ್ಲ.

ಪರೀಕ್ಷೆಗೆ ಹತ್ತು ದಿನವಿತ್ತು. ನನ್ನ ಗೆಳತಿಯರು ಮನೆಗೆ ಬಂದಿದ್ದರು. ತಿದ್ದಲು ಇಟ್ಟುಕೊಂಡಿದ್ದ ಅಕ್ಕನ ನೋಟ್‌ಬುಕ್ಕಿನ ಹಳೆಯ ತಪ್ಪುಗಳನ್ನು ಅವರದೇ ದನಿಯಲ್ಲಿ ಓದಿ ಎಲ್ಲರನ್ನೂ ನಗಿಸಿದೆ. ತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದರು.

“ನೋಟ್‌ಬುಕ್ ಕೊಡು ತಂಗಿ, ಮನ್ಯಾಗ ಓದ್ಕೋತೇನಿ” ಎಂದರು, ಅಷ್ಟೇ.

ಮತ್ತೆ ಪಾಠಕ್ಕೆ ಬರಲಿಲ್ಲ. ತಪ್ಪಾಯಿತು ಎನ್ನಲು ನಾಲ್ಕು ಹೆಜ್ಜೆ ಹಾಕಿದ್ದರೆ ಸಾಕಿತ್ತು. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು... ಅವರು ಪಾಸಾದರು, ಕಾರ್ಯಕರ್ತೆಯೂ ಆದರು. ನಾನು ಮದುವೆಯಾಗಿ ಇಳಕಲ್ಲಿಗೆ ಬಂದೆ. ತವರಿನವರೂ ಆ ಬಾಡಿಗೆ ಮನೆ ಬಿಟ್ಟರು.

ಇಷ್ಟು ವರ್ಷದ ಮೇಲೆ, ಸಂತೆಯಿಂದ ನೇರ ಅವರ ಮನೆಗೆ ಹೋದೆ. ಸೊಸೆ ಬಾಗಿಲು ತೆಗೆದರು. ಅಕ್ಕ ತೀರಿಕೊಂಡು ಆರು ತಿಂಗಳಾಯಿತಂತೆ. ನಾನು ಯಾರೆಂದು ಹೇಳುತ್ತಲೇ ಆಕೆ ಮಗಳನ್ನು ಕರೆದರು.

“ಅಜ್ಜಿಗೆ ಇಂಗ್ಲಿಷ್ ಕಲಿಸಿದ ಅಕ್ಕೋರು ಅಂದ್ರ ಇವ್ರ ನೋಡು. ಅತ್ತಿ ಭಾಳ ನೆನಸ್ತಿದ್ರು. ಕಾಲು ಮುಟ್ಟಿ ನಮಸ್ಕಾರ ಮಾಡು.”

ಹುಡುಗಿ ಬಗ್ಗಿದಳು. ಬೇಡವ್ವ, ನಾನು ಕಲಿಸಲಿಲ್ಲ, ನಕ್ಕು ಅರ್ಧಕ್ಕೆ ಬಿಡಿಸಿದವಳು ಎಂದು ಹೇಳಬೇಕಿತ್ತು... ಅವಳ ತಲೆಯ ಮೇಲೆ ಕೈಯಿಟ್ಟು, ಚೆನ್ನಾಗಿ ಓದು ಎಂದು ಹರಸಿ ಬಂದೆ.