ಹಲಬರ್ಗಾದ ಸುಜಾತಾಳ ಅರ್ಜಿ

ಕೋವಿಡ್ ಕಳೆದು ಕಾಲೇಜುಗಳು ಸರಿಯಾಗಿ ಶುರುವಾದ ವರ್ಷ ನಾನು ಬೀದರದ ಒಂದು ತರಬೇತಿ ಕೇಂದ್ರದಲ್ಲಿ ಪ್ಲೇಸ್‌ಮೆಂಟ್ ಅಧಿಕಾರಿಯಾಗಿದ್ದೆ. ಓದು ಮುಗಿಸಿದ ಹೆಣ್ಣುಮಕ್ಕಳಿಂದ ಅರ್ಜಿ ಪಡೆದು, ಅವರನ್ನು ಸಂದರ್ಶನಕ್ಕೆ ತಯಾರು ಮಾಡಿ, ಕೆಲಸ ಕೊಡುವವರಿಗೆ ಅವರ ಹೆಸರು ಕಳಿಸುವುದು ನನ್ನ ಜವಾಬ್ದಾರಿ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಅರ್ಜಿಯಲ್ಲಿ ಊರಿನ ಹೆಸರು ನೋಡಿದರೆ ಸಾಕು, ಆ ಹುಡುಗಿಯನ್ನು ಮನೆಯವರು ಎಲ್ಲಿಯವರೆಗೆ ಬಿಡುತ್ತಾರೆಂದು ಹೇಳಬಲ್ಲೆ ಎಂಬ ಹೆಮ್ಮೆ ನನಗಿತ್ತು.

ಸುಜಾತಾ ಭಾಲ್ಕಿ ಹತ್ತಿರದ ಹಲಬರ್ಗಾ ಹಳ್ಳಿಯ ಒಕ್ಕಲುತನದ ಮನೆಯ ಹುಡುಗಿ. ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ ಭಾಲ್ಕಿಯ ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಸೀರೆ ತೋರಿಸುತ್ತಿದ್ದಳು. ವಾರದ ರಜೆಯ ದಿನ ಬಸ್ಸು ಹತ್ತಿ ನಮ್ಮ ಇಂಗ್ಲಿಷ್ ತರಗತಿಗೆ ಬರುತ್ತಿದ್ದಳು. ಮಾತು ಕಡಿಮೆ. ಎಂಥ ಕೆಲಸ ಬೇಕು ಎಂದು ನಾನು ಕೇಳಿದ ದಿನ ಮಾತ್ರ ಯೋಚಿಸದೆ ಹೇಳಿದಳು:

"ಲ್ಯಾಬಿನ್ಯಾಗಿನ ಕೆಲಸ ಬೇಕ್ರಿ ಮೇಡಂ. ಕಲ್ತಿದ್ದೆಲ್ಲಾ ಕೈಯಾಗಿಂದ ಹೋಗ್ಲಿಕತ್ತದ್ರಿ."

ಆ ಮಳೆಗಾಲದಲ್ಲಿ ಬೀದರದ ಹೊರಗಿನ ಔಷಧ ಕಾರ್ಖಾನೆಯೊಂದರಿಂದ ಫೋನ್ ಬಂತು. ಕ್ವಾಲಿಟಿ ಕಂಟ್ರೋಲ್ ಲ್ಯಾಬ್, ಅಂದರೆ ತಯಾರಾದ ಔಷಧವನ್ನು ಹೊರಗೆ ಕಳಿಸುವ ಮೊದಲು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಮೂವರು ಬೇಕಾಗಿದ್ದರು. ಮೂರು ವಾರಕ್ಕೊಮ್ಮೆ ರಾತ್ರಿ ಪಾಳಿ. ಸಂಜೆಯೊಳಗೆ ಮೂರು ಹೆಸರು ಕಳಿಸಬೇಕು.

ನನ್ನ ಫೈಲಿನಲ್ಲಿ ಕೆಮಿಸ್ಟ್ರಿ ಓದಿದವರು ನಾಲ್ವರಿದ್ದರು. ಮೂವರು ಬೀದರ ನಗರದವರು, ನಾಲ್ಕನೆಯವಳು ಸುಜಾತಾ. ಅಂಕಗಳಲ್ಲಿ ಅವಳೇ ಮುಂದೆ. 'ಪಾಳಿ ಕೆಲಸಕ್ಕೆ ಒಪ್ಪಿಗೆ ಇದೆಯೇ?' ಎಂಬ ಪ್ರಶ್ನೆಗೆ 'ಇದೆ' ಎಂದೇ ಬರೆದಿದ್ದಳು. ಹಿಂದಿನ ವರ್ಷ ಸಂತಪುರ ಎಂಬ ಹಳ್ಳಿಯ ಇಬ್ಬರು ಹುಡುಗಿಯರನ್ನು ಇಂಥದೇ ಕೆಲಸಕ್ಕೆ ಸೇರಿಸಿದ್ದೆ. ವಾರದೊಳಗೆ ಮನೆಯವರು ಬಂದು ಕರೆದುಕೊಂಡು ಹೋದರು, ಮಾಲೀಕರಿಂದ ನಾನು ಮಾತು ಕೇಳಬೇಕಾಯಿತು. ಅರ್ಜಿಯಲ್ಲಿ ಎಲ್ಲರೂ ಹೀಗೇ ಬರೆಯುತ್ತಾರೆ, ಹಳ್ಳಿಯ ತಂದೆ ರಾತ್ರಿ ಪಾಳಿಗೆ ಬಿಡುವುದುಂಟೇ ಎಂದುಕೊಂಡು ನಗರದ ಮೂವರ ಹೆಸರು ಕಳಿಸಿಬಿಟ್ಟೆ. ಮೂವರಿಗೂ ಕೆಲಸವಾಯಿತು. ನನಗೆ ಸಮಾಧಾನವೂ ಆಯಿತು.

ಹತ್ತು ದಿನದ ಮೇಲೆ ಸುಜಾತಾ ತಂದೆಯ ಜೊತೆ ಕಚೇರಿಗೆ ಬಂದಳು. ಕೆಲಸ ಸಿಕ್ಕ ಹುಡುಗಿಯರಲ್ಲಿ ಒಬ್ಬಳು ಅವಳ ಸಹಪಾಠಿ. ಅವಳಿಂದ ವಿಷಯ ತಿಳಿದಿತ್ತು. ತಂದೆ ತುಕಾರಾಮ ಕುರ್ಚಿಯ ತುದಿಯಲ್ಲಿ ಕುಳಿತರು. ನಾನು ರಾತ್ರಿ ಪಾಳಿಯ ವಿಷಯ ಹೇಳಿ, ಮನೆಯಲ್ಲಿ ಒಪ್ಪಲಿಕ್ಕಿಲ್ಲ ಅನ್ನಿಸಿತು ಎಂದೆ.

ಅವರು ನನ್ನನ್ನೇ ನೋಡಿದರು. "ನಾ ಒಲ್ಲೆ ಅಂತೀನಿ ಅಂತ ನಿಮಗ ಯಾರು ಹೇಳ್ಯಾರ್ರಿ ಮೇಡಂ?"

ನಾನು ಫೈಲಿನಿಂದ ಅವಳ ಅರ್ಜಿ ಹೊರತೆಗೆದೆ.

"ಇಲ್ಲೇ ಬೀದರದಾಗ ನಮ್ಮ ತಂಗಿ ಮನಿ ಅದರಿ. ಮಗಳಿಗಿ ನೌಕರಿ ಸಿಕ್ರ ಇರ್ಲಿಕ್ಕ ಅಂತ ಒಂದು ಖೋಲಿ ಖಾಲಿ ಮಾಡಿಸಿಟ್ಟೀನ್ರಿ. ಕೇಳಿದ್ರ ಹೇಳ್ತಿದ್ದೆ."

ಸುಜಾತಾ ತಲೆ ತಗ್ಗಿಸಿ ಕೂತಿದ್ದಳು. ನನ್ನ ತಾಯಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಎಷ್ಟೋ ವರ್ಷ ರಾತ್ರಿ ಡ್ಯೂಟಿ ಮಾಡಿದವಳು. ಅವಳನ್ನು ಕೆಲಸಕ್ಕೆ ಕಳಿಸಿದವರೂ ಹಳ್ಳಿಯವರೇ. ಅದು ನನಗೆ ನೆನಪಾದದ್ದು ಆ ಹೊತ್ತಿಗೆ.

ಅಂದೇ ಇಬ್ಬರನ್ನೂ ಕರೆದುಕೊಂಡು ಕಾರ್ಖಾನೆಗೆ ಹೋದೆ. ಅಲ್ಲಿಯ ಅಧಿಕಾರಿ ಸೌಜನ್ಯದಿಂದಲೇ ಮಾತಾಡಿದರು, ಸುಜಾತಾಳ ಅಂಕಪಟ್ಟಿ ನೋಡಿ ಹೊಗಳಿದರು. ಆದರೆ ಹುದ್ದೆ ತುಂಬಿಹೋಗಿತ್ತು. ಎರಡು ತಿಂಗಳಲ್ಲಿ ನಾನು ಕಳಿಸಿದ ಮೂವರಲ್ಲಿ ಒಬ್ಬಳು ಮದುವೆ ಗೊತ್ತಾಯಿತೆಂದು ಕೆಲಸ ಬಿಟ್ಟಳು. ಸುದ್ದಿ ನನ್ನ ಕಿವಿಗೆ ಬೀಳುವ ಮೊದಲೇ ಆ ಜಾಗಕ್ಕೆ ಬೇರೆಯವರು ಬಂದಿದ್ದರು. ಮರುವರ್ಷ ಕಾರ್ಖಾನೆಯವರು ಮತ್ತೆ ಹೆಸರು ಕೇಳಿದಾಗ, ಆ ವರ್ಷ ಪಾಸಾದವರೇ ಬೇಕು ಎಂಬ ಷರತ್ತಿತ್ತು. ನಾನು ಬರೆದ ಎರಡು ಪತ್ರಗಳಿಂದ ಏನೂ ಆಗಲಿಲ್ಲ.

ನಿವೃತ್ತಿಯಾದ ಮೇಲೆ ಒಮ್ಮೆ ಭಾಲ್ಕಿ ರೈಲು ನಿಲ್ದಾಣದಲ್ಲಿ ಸುಜಾತಾ ಕಂಡಳು. ಖಾಸಗಿ ಶಾಲೆಯಲ್ಲಿ ಎರಡನೇ ತರಗತಿಗೆ ಪಾಠ ಮಾಡುತ್ತಿದ್ದಳು. ಅವಳಾಗಿಯೇ ಬಂದು ಮಾತಾಡಿಸಿದಳು. ಲ್ಯಾಬ್ ಕೆಲಸಕ್ಕೆ ಈಗಲೂ ಪ್ರಯತ್ನ ಮಾಡುತ್ತಿದ್ದೀಯಾ ಎಂದು ಕೇಳಿದೆ.

"ಈಗ ಕರದ್ರೂ ಅಂಜಿಕಿ ಬರ್ತದ್ರಿ ಮೇಡಂ. ಎಲ್ಲಾ ಮರ್ತೀನಿ."

"ತಪ್ಪು ನಂದವ್ವಾ," ಎಂದೆ.

ಅವಳು ಅಲ್ಲವೆನ್ನಲಿಲ್ಲ. "ಅವತ್ತು ಒಂದು ಫೋನ್ ಮಾಡಿದ್ರ ಆಗ್ತಿತ್ರಿ," ಎಂದಷ್ಟೇ ಹೇಳಿ, ರೈಲು ಬಂದಾಗ ನನ್ನ ಚೀಲ ಎತ್ತಿ ಒಳಗಿಟ್ಟು ಹೋದಳು.

ಆ ದಿನ ತಂದೆ ಮಗಳು ಕಚೇರಿಗೆ ಬಂದುಹೋದ ಮೇಲೆ, ನಿವೃತ್ತಿಯಾಗುವವರೆಗೂ ಹುಡುಗಿಯನ್ನು ನೇರವಾಗಿ ಕೇಳದೆ ಯಾರ ಹೆಸರನ್ನೂ ನಾನು ಬಿಡಲಿಲ್ಲ. ಅದರಿಂದ ಹಲವರಿಗೆ ಒಳ್ಳೆಯದಾಗಿದೆ, ಔರಾದ್ ಕಡೆಯ ಹಳ್ಳಿಗಳ ಹುಡುಗಿಯರೂ ಹೈದರಾಬಾದಿನವರೆಗೆ ಹೋಗಿದ್ದಾರೆ. ಸುಜಾತಾಳಿಗೆ ಅದರಿಂದ ಏನೂ ಸಿಗಲಿಲ್ಲ. ಕಲಿತ ಹೆಣ್ಣುಮಕ್ಕಳಿಗೆ ಮನೆಯವರೇ ಅಡ್ಡಿ ಎಂದು ನಾನು ಎಷ್ಟೋ ಸಭೆಗಳಲ್ಲಿ ಭಾಷಣ ಮಾಡಿದ್ದೇನೆ. ಅವಳ ಮನೆಯವರು ಅಡ್ಡ ಬಂದಿರಲಿಲ್ಲ. ಅಡ್ಡ ಬಂದವಳು ನಾನು.