ಬಿಳಿ ರಕ್ತ ಕಡಿಮೆಯಾದ ಕೂಸು

ನನ್ನ ಮೊದಲ ಮಗಳಿಗೆ ಎರಡು ತುಂಬುವ ಮೊದಲೇ ದಡಾರ ಬಂತು. ಆ ವರ್ಷ ಶಿರಸಿ ಪೇಟೆಯಲ್ಲಿ ಮಕ್ಕಳಿದ್ದ ಯಾವ ಮನೆಯನ್ನೂ ಅದು ಬಿಟ್ಟಿರಲಿಲ್ಲ. ಮೈಮೇಲಿನ ಕೆಂಪು ಇಳಿಯಿತು, ಜ್ವರವೂ ಬಿಟ್ಟಿತು. ಆದರೆ ಕೂಸು ಮೊದಲಿನಂತಾಗಲಿಲ್ಲ. ಗೋಡೆಗೆ ಒರಗಿ ಸುಮ್ಮನೆ ಕೂರುತ್ತಿದ್ದಳು. ನಮ್ಮವರು ಶಾಲೆಯ ಮಾಸ್ತರರು. ಲೋಕದ ಎಲ್ಲ ವಿಷಯವೂ ಅವರಿಗೆ ಸ್ವಲ್ಪ ಸ್ವಲ್ಪ ಗೊತ್ತಿತ್ತು. "ಇದು ಮಲೇರಿಯಾವೇ ಸೈ" ಎಂದು ತೀರ್ಮಾನಿಸಿ, ಕೂಸನ್ನೂ ನನ್ನನ್ನೂ ಹೊಸ ಡಾಕ್ಟರ ಬಳಿ ಕರೆದೊಯ್ದರು.

ಡಾಕ್ಟರು ಹುಬ್ಬಳ್ಳಿ ಕಡೆಯವರು, ಇನ್ನೂ ಎಳೆಯ ವಯಸ್ಸು, ಮುಂಬಯಿಯಲ್ಲಿ ಓದಿದವರು. ಅವರ ಮೇಜಿನ ಮೇಲೆ ಒಂದು ಸೂಕ್ಷ್ಮದರ್ಶಕ ಇತ್ತು. ಊರವರು ಅದನ್ನು ದುರ್ಬೀನು ಎನ್ನುತ್ತಿದ್ದರು. ಡಾಕ್ಟರು ಕೂಸಿನ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು, ಗಾಜಿಗೆ ಸವರಿ, ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು.

"ಮಲೇರಿಯಾ ಇಲ್ರಿ ಮಾಸ್ತರ" ಅಂದರು. "ಆದ್ರ ರಕ್ತದಾಗ ಬಿಳಿ ಕಣ ಕಡಿಮಿ ಆಗ್ಯಾವ. ರೋಗದ ಜೋಡಿ ಜಗಳಾಡೋವು ಅವ. ದಡಾರದಂಥಾ ಜಡ್ಡು ಬಂದು ಹೋದ ಮ್ಯಾಲೆ ಸಣ್ಣ ಹುಡುಗ್ರಾಗ ಹಿಂಗ ಆಗ್ತದ. ತಾವ ಮತ್ತ ತುಂಬಿಕೋತಾವ."

"ಮದ್ದು?" ಎಂದು ಕೇಳಿದೆ.

"ಮದ್ದು ಬ್ಯಾಡ್ರಿ ಬಾಯಾರ. ಉಂಡಷ್ಟು ಉಣಿಸ್ರಿ. ಮಂದಿ ಗದ್ದಲದಾಗ ಒಯ್ಯಬ್ಯಾಡ್ರಿ. ಕೆಮ್ಮು ನೆಗಡಿ ಇದ್ದವರು ಹತ್ರ ಬರಬಾರದು. ಜ್ವರ ಬಂದ್ರ ಮಾತ್ರ ತಡಾ ಮಾಡದ ನನ್ನ ಕರೀರಿ. ಒಂದಿಷ್ಟು ದಿನ ಬಿಟ್ಟು ಮತ್ತ ರಕ್ತ ನೋಡೋಣು."

ಇಷ್ಟೇ ಅವರು ಹೇಳಿದ್ದು. ಇದರಲ್ಲಿ ಅರ್ಥವಾಗದ ಮಾತು ಒಂದೂ ಇರಲಿಲ್ಲ. ಆದರೂ ನಮ್ಮವರು ಮನೆ ಮುಟ್ಟುವುದರೊಳಗೆ ಅದೊಂದು ಪುರಾಣವಾಗಿತ್ತು. ದಾರಿಯಲ್ಲಿ ಸಿಕ್ಕಿದ ಪ್ರತಿಯೊಬ್ಬರಿಗೂ ನಿಂತು ವಿವರಿಸಿದರು. ರಕ್ತದೊಳಗೆ ಬಿಳಿ ಸೈನ್ಯವಂತೆ, ದಡಾರದೊಂದಿಗೆ ಕುರುಕ್ಷೇತ್ರವಾಯಿತಂತೆ, ನಮ್ಮ ಕಡೆ ಅಕ್ಷೌಹಿಣಿಗಟ್ಟಲೆ ಸತ್ತರಂತೆ. ಕೂಸು ನನ್ನ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. ಮರುದಿನ ಅವರು ಶಾಲೆಯಲ್ಲೂ ಇದೇ ಪಾಠ ಮಾಡಿದರು. ಸಂಜೆಯೊಳಗೆ ಮಾಸ್ತರರ ಮಗಳ ರಕ್ತ ಪೂರ್ತಿ ನೀರಾಗಿದೆ ಎಂದು ಪೇಟೆಯಲ್ಲಿ ಸುದ್ದಿ.

ನನ್ನ ಅತ್ತೆಗೆ ಕುರುಕ್ಷೇತ್ರ ಬೇಡವಾಗಿತ್ತು. ಅವರಿಗೆ ಸಮಸ್ಯೆ ಬಹಳ ಸರಳವಾಗಿ ಕಂಡಿತು.

"ನೆತ್ತರಲ್ಲಿ ಬಿಳಿ ಕಡ್ಮೆ ಆಯ್ದು ಅಂದ್ರೆ ಬಿಳೀದು ಕೊಡವು" ಅಂದರು.

"ಡಾಕ್ಟ್ರು ಎಂತದೂ ಮಾಡದು ಬೇಡ ಹೇಳಿದ್ದ, ಅತ್ತೆ."

"ಎಂತದೂ ಮಾಡದು ಬೇಡ ಹೇಳಲೆ ಅವ ಡಾಕ್ಟ್ರು ಎಂತಕ್ಕೆ ಆಗವು? ಅಷ್ಟು ನಾನೂ ಹೇಳ್ತೆ."

ಅಂದಿನಿಂದ ಬಿಳಿಯ ದರ್ಬಾರು. ಹಾಲು, ಬೆಣ್ಣೆ, ಗಂಜಿ, ಮೂಲಂಗಿ, ತೆಂಗಿನಕಾಯಿ ಹಾಲು. ಬೂದಗುಂಬಳದ ರಸ ಬೆಳಗ್ಗೆ ಒಂದು ಲೋಟ. ಕೂಸು ಆಸೆಪಟ್ಟು ತಿನ್ನುತ್ತಿದ್ದುದು ಕೆಂಪು ಹರಿವೆಯ ಪಲ್ಯವೊಂದನ್ನೇ. ಅದು ಅಡುಗೆಮನೆಯೊಳಗೆ ಬರಕೂಡದೆಂದಾಯಿತು. ಕೆಂಪು ಲಂಗ ಪೆಟ್ಟಿಗೆ ಸೇರಿತು. ಬೂದಗುಂಬಳದ ಲೋಟ ಕಂಡರೆ ಸಾಕು, ಆವರೆಗೆ ಗೋಡೆ ಬಿಟ್ಟು ಏಳದಿದ್ದ ಕೂಸು ಎದ್ದು ಓಡತೊಡಗಿತು. ಅತ್ತೆ ಅದನ್ನೂ ರಸದ ಗುಣವೆಂದೇ ತಿಳಿದರು.

ಸಿದ್ದಾಪುರದಿಂದ ನಮ್ಮವರ ಚಿಕ್ಕಪ್ಪ ಬಂದರು. ಚಳವಳಿಯಲ್ಲಿ ಜೈಲು ಕಂಡು ಬಂದವರು, ಅಡಿಯಿಂದ ಮುಡಿಯವರೆಗೆ ಖಾದಿ. ವಿಷಯ ಕೇಳಿ ತೊಡೆ ತಟ್ಟಿಕೊಂಡು ನಕ್ಕರು.

"ಬಿಳಿಯವ್ವು ಕಡ್ಮೆ ಆದ್ರೆ ಒಳ್ಳೇದೇ ಆತಲ! ಇಡೀ ದೇಶದಲ್ಲಿ ಆಗದ್ದು ನಮ್ಮನೆ ಕೂಸಿನ ಮೈಯಲ್ಲಿ ಆಯ್ದು!"

ನಗು ಮುಗಿದ ಮೇಲೆ ತಮ್ಮೂರ ಪಂಡಿತರೊಬ್ಬರು ಕೊಟ್ಟ ಭಸ್ಮದ ಪೊಟ್ಟಣವನ್ನು ಅತ್ತೆಯ ಕೈಗಿಟ್ಟರು. ಅದೂ ಬಿಳಿಯದೇ. ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸಬೇಕಂತೆ. ಅದರಲ್ಲಿ ಏನಿದೆ ಎಂದು ಕೇಳಿದೆ. ಅದು ಪಂಡಿತರ ಗುಟ್ಟು ಎಂದರು. ಗುಟ್ಟನ್ನು ನನ್ನ ಕೂಸಿನ ಹೊಟ್ಟೆಗೆ ಹಾಕುವ ಮನಸ್ಸಾಗಲಿಲ್ಲ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಪೊಟ್ಟಣವನ್ನು ಒಲೆಯ ಬೂದಿಗೆ ಸುರಿದು, ಕೂಸಿಗೆ ನೆಕ್ಕಿಸಿ ಆಯಿತು ಎಂದೆ. ಎರಡೂ ಒಂದೇ ಬಣ್ಣವಾಗಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಆಮೇಲೆ ನೋಡುವವರ ಸಾಲು. ಕೂಸನ್ನು ಜನರಿಂದ ದೂರ ಇಡಬೇಕೆಂದು ಡಾಕ್ಟರು ಹೇಳಿದ್ದಾರೆ ಎಂಬ ಸುದ್ದಿಯೂ ಹಬ್ಬಿತ್ತು. ಅಷ್ಟು ಗಂಭೀರವೇ ಎಂದು, ದೂರ ಇಟ್ಟ ಕೂಸನ್ನು ಹತ್ತಿರದಿಂದ ನೋಡಲು ಎಲ್ಲರೂ ಬಂದರು. ಬಂದವರೆಲ್ಲ ಮೊದಲು "ಹತ್ರ ಯಾರನ್ನೂ ಬಿಡಡಿ" ಎಂದು ನನಗೆ ಬುದ್ಧಿ ಹೇಳುತ್ತಿದ್ದರು, ಆಮೇಲೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು.

ಕೊನೆಗೆ ಮಂಚಿಕೇರಿಯಿಂದ ನಮ್ಮವರ ಅಕ್ಕ ಬಂದಿಳಿದರು. ಅಂಗಳದಲ್ಲಿದ್ದಾಗಲೇ ಅವರ ಕೆಮ್ಮು ಒಳಗೆ ಕೇಳಿತು.

"ಅತ್ತಿಗೆ, ಮೈಗೆ ಹುಷಾರಿಲ್ಯ? ಕೆಮ್ಮು ಇದ್ದಲ" ಎಂದು ಕೂಸನ್ನು ಎತ್ತಿಕೊಂಡು ಹಿಂದೆ ಸರಿದೆ.

"ಇದೆಂತ ಕೆಮ್ಮು, ದಾರಿ ಧೂಳು! ಅಷ್ಟು ದೂರದಿಂದ ಬಂದವ್ಕೆ ಕೂಸು ಮುಟ್ಟಲೂ ಆಗದ?"

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ನಮ್ಮವರು ಅಕ್ಕನಿಗೆ ಕುರುಕ್ಷೇತ್ರವನ್ನು ಮೊದಲಿನಿಂದ ಹೇಳಲು ಆರಂಭಿಸಿದ್ದರು. ಅತ್ತಿಗೆ ನನ್ನ ತೋಳಿನಿಂದ ಕೂಸನ್ನು ಕಿತ್ತುಕೊಂಡು, ಎರಡೂ ಕೆನ್ನೆಗೆ ಮುತ್ತಿಟ್ಟು, ಅದರ ಮುಖದ ಮೇಲೇ ಕೆಮ್ಮಿ, ಸೆರಗಿನಿಂದ ಒರೆಸಿದರು.

ಅವರಿನ್ನೂ ನಮ್ಮಲ್ಲಿರುವಾಗಲೇ ಕೂಸಿಗೆ ಜ್ವರ ಬಂತು. ಇದು ಮೊದಲಿನಂಥದ್ದಲ್ಲ. ಮೈ ಸುಡುತ್ತಿತ್ತು, ಬಾಯೊಳಗೆ ಹುಣ್ಣು, ನೀರೂ ಇಳಿಯದು. ಉಸಿರು ಬೇಗ ಬೇಗ ಹಾರುತ್ತಿತ್ತು. ಲೇವಡಿ ಮಾಡಿ ಬರೆಯುತ್ತಿದ್ದೇನೆ ನಿಜ, ಆದರೆ ಆ ಮಧ್ಯಾಹ್ನ ಅವಳ ಕಣ್ಣು ಮೇಲಕ್ಕೆ ತೇಲಿದಾಗ ಕೆನ್ನೆ ತಟ್ಟಿ ತಟ್ಟಿ ಕರೆದೆ. ಅತ್ತೆ ಬೂದಗುಂಬಳದ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಜೀವನದಲ್ಲಿ ಮೊದಲ ಬಾರಿಗೆ ನಮ್ಮವರ ಮೇಲೆ ಕೂಗಿದೆ: "ಮಾತು ಸಾಕು! ಓಡಿ, ಡಾಕ್ಟ್ರನ್ನ ಕರ್ಕಂಡು ಬನ್ನಿ!"

ಡಾಕ್ಟರು ಓಡುತ್ತಲೇ ಬಂದರು. ಕೋಣೆಯಲ್ಲಿ ನೆರೆದ ಜನರನ್ನು ಕಂಡು ಮೊದಲು ಅವರ ಕಡೆಗೇ ತಿರುಗಿದರು.

"ಇದು ಮನೀನೋ ಸಂತಿನೋ? ಎಲ್ಲಾರೂ ಹೊರಗ ನಡೀರಿ! ಯಾರಿಗೆ ಕೆಮ್ಮದ? ನೀವ ಏನ್ರಿ ಬಾಯಾರ? ನೀವು ಹಿತ್ತಲಕ್ಕ ಹೋಗ್ರಿ!"

ಅತ್ತಿಗೆಗೆ ಯಾರೂ ಹಾಗೆ ಹೇಳಿರಲಿಲ್ಲ. ಅಳುತ್ತಾ ಹಿತ್ತಲಿಗೆ ಹೋದರು, ಅಲ್ಲಿಂದಲೂ ಕೆಮ್ಮು ಕೇಳುತ್ತಿತ್ತು. ಡಾಕ್ಟರು ಕೂಸಿನ ಎದೆಗೆ ನಳಿಗೆ ಇಟ್ಟು ಕೇಳಿದರು. ಜಡ್ಡು ಶ್ವಾಸಕೋಶಕ್ಕೆ ಇಳಿದಿಲ್ಲ ಎಂದರು. ಒದ್ದೆ ಬಟ್ಟೆಯಿಂದ ಮೈ ಒರೆಸಿ ತೋರಿಸಿದರು. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ನೀರು ಕುಡಿಸಲು ನನ್ನನ್ನು ಕೂರಿಸಿ, ತಾವೂ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತರು. ಮರುದಿನವೂ ಬಂದರು, ಅದರ ಮರುದಿನವೂ. ಬಂದಾಗಲೆಲ್ಲ ಕೂಸನ್ನು ನೋಡುವುದಕ್ಕಿಂತ ಜನರನ್ನು ಓಡಿಸುವುದೇ ಅವರಿಗೆ ದೊಡ್ಡ ಕೆಲಸವಾಗಿತ್ತು. ಜ್ವರ ಇಳಿಯಿತು. ಒಂದು ಬೆಳಗ್ಗೆ ಕೂಸು ಹರಿವೆ ಪಲ್ಯ ಬೇಕೆಂದು ಅತ್ತಳು. ನಾನು ಯಾರನ್ನೂ ಕೇಳದೆ ಮಾಡಿಕೊಟ್ಟೆ.

ಇನ್ನೊಂದಿಷ್ಟು ದಿನ ಕಳೆದು ಡಾಕ್ಟರು ಮತ್ತೆ ಬೆರಳು ಚುಚ್ಚಿ ನೋಡಿದರು. "ತುಂಬ್ಯಾವ್ರಿ, ಬೇಕಾದಷ್ಟು ಅದಾವ" ಎಂದು ನಕ್ಕರು.

ಆಮೇಲೆ ಮನೆಯಲ್ಲಿ ಶುರುವಾಯಿತು, ಇದು ಯಾರ ದೆಸೆಯಿಂದ ಆಯಿತು ಎಂಬ ಜಗಳ. ಅತ್ತೆಗೆ ಬೂದಗುಂಬಳ. ಅತ್ತಿಗೆ ಹಿತ್ತಲಲ್ಲಿ ಕುಳಿತು ಹರಕೆ ಹೊತ್ತಿದ್ದರಂತೆ, ಅವರಿಗೆ ಹರಕೆ. ಚಿಕ್ಕಪ್ಪನಿಗೆ ಪಂಡಿತರ ಭಸ್ಮ. ನಾನು ತಡೆಯಲಾರದೆ, ಭಸ್ಮ ಒಲೆಯ ಬೂದಿಗೆ ಹೋಯಿತು ಎಂದು ಹೇಳಿಬಿಟ್ಟೆ.

"ಆದ್ರೂ ಮನೆ ಒಳಗೆ ಬಂದಿತ್ತಲ" ಎಂದರು ಅತ್ತೆ. "ಅಷ್ಟೇ ಸಾಕು."

ಪಂಡಿತರನ್ನು ಸಿದ್ದಾಪುರದಿಂದ ಕರೆಸಿ, ಊಟ ಹಾಕಿ, ಶಾಲು ಹೊದೆಸಿದರು. ಅವರು ಕೂಸಿನ ನಾಡಿ ಹಿಡಿದು, ತಮ್ಮ ಭಸ್ಮ ಇನ್ನೂ ರಕ್ತದಲ್ಲಿ ಓಡಾಡುತ್ತಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಿದರು. ಡಾಕ್ಟರ ಹೆಸರು ಮಾತ್ರ ಪೇಟೆಯಲ್ಲಿ ಕೆಟ್ಟಿತು. ಜ್ವರ ಬಂದ ಕೂಸಿಗೆ ಒಂದು ತೊಟ್ಟು ಮದ್ದೂ ಕೊಡದೆ ಚಾಪೆಯ ಮೇಲೆ ಕುಳಿತಿದ್ದ ಡಾಕ್ಟರು ಎಂದು ಜನ ಆಡಿಕೊಂಡರು. ಅವರ ಬಾಗಿಲಲ್ಲಿ ಜನವೇ ಇಲ್ಲದಂತಾಯಿತು.

ಮುಂದಿನ ಬೇಸಿಗೆಯಲ್ಲಿ ನನಗೇ ತಲೆನೋವೆಂದು ಹೋದಾಗ ನೋಡುತ್ತೇನೆ, ಜಗಲಿಯ ತುಂಬ ಜನ. ಎಲ್ಲರ ಕೈಯಲ್ಲೂ ಗುಲಾಬಿ ಬಣ್ಣದ ನೀರು ತುಂಬಿದ ಬಾಟಲಿ.

"ಅದರಲ್ಲಿ ಎಂತ ಇದ್ದು ಡಾಕ್ಟ್ರೇ?" ಎಂದು ಕೇಳಿದೆ.

"ಸಕ್ಕರಿ, ನೀರು, ಚೂರು ಬಣ್ಣ" ಎಂದರು ಮೆಲ್ಲಗೆ. "ಇದನ್ನ ಕುಡಿಸೂತನಕ ಮಂದಿ ಬ್ಯಾರೆ ಏನೂ ಕುಡಿಸೂದಿಲ್ರಿ ಬಾಯಾರ. ಅಷ್ಟರಾಗ ಹುಡುಗ್ರು ತಾವ ಆರಾಮ ಆಗ್ತಾವ."

ನನಗೂ ಒಂದು ಬಾಟಲಿ ಕೊಡಲು ಬಂದರು. ಬೇಡ ಎಂದೆ.