ಅಪ್ಪನ ಮೇಲೆ ‘ಮಾರಾಟವಾಗಿದೆ’ ಚೀಟಿ

ತೊಡೆಯ ಮೇಲೆ ಯಾರದೋ ಸತ್ತ ಅಪ್ಪ. ಕಾಲಿನ ಬಳಿ ಒಂದು ಬಾಟಲಿ ಟರ್ಪೆಂಟೈನ್. ತಲೆಯ ಮೇಲೆ ಒಣಗಿ ಗರಗರಿಯಾದ ತೆಂಗಿನ ಗರಿಯ ಚಪ್ಪರ. ಕಾಲಿನಿಂದ ಎರಡೇ ಅಡಿ ದೂರದಲ್ಲಿ ಧಗಧಗ ಉರಿಯುತ್ತಿರುವ ಕರ್ಪೂರ.

ನಾನು ಬಿ.ಎಸ್ಸಿ., ಕೆಮಿಸ್ಟ್ರಿ ಮೇಜರ್. ಇವೆಲ್ಲವನ್ನೂ ಒಂದೇ ಕಡೆ ಇಟ್ಟರೆ ಏನಾಗುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿದ್ದರೆ ಹತ್ತಕ್ಕೆ ಹತ್ತು ತೆಗೆಯುತ್ತಿದ್ದೆ. (ಸತ್ತ ಅಪ್ಪ ಸಿಲಬಸ್ಸಿನಲ್ಲಿ ಇರಲಿಲ್ಲ, ಅದು ಬೇರೆ ಮಾತು.) ಆದರೆ ಆ ಭಾನುವಾರ ಮಧ್ಯಾಹ್ನ, ತುಮಕೂರಿನ ಕಾಲೇಜು ಮೈದಾನದಲ್ಲಿ, ಎಲ್ಲವೂ ಗೊತ್ತಿದ್ದೂ ನಾನು ಮಾಡಿದ್ದೇನು?

ಸೆರಗು ಸರಿಮಾಡಿಕೊಂಡೆ.

ಹೋದ ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ಕೆಲವರು ಫೋನ್ ಮಾಡಿ ಕೇಳಿದಿರಿ. ಇದಕ್ಕೇ. ಈಗಲೂ ದೇವಸ್ಥಾನದಲ್ಲಿ ಮಂಗಳಾರತಿ ಶುರುವಾದರೆ ನಾನು ಹೊರಗೆ ಬಂದು ಎಲ್ಲರ ಚಪ್ಪಲಿ ಕಾಯುತ್ತೇನೆ.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಯಜಮಾನರು ಗುಬ್ಬಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ದಿನಾ ತುಮಕೂರಿನಿಂದ ಹೋಗಿ ಬರುತ್ತಾರೆ. ಸ್ಕೂಲಿನಲ್ಲಿ ಸೇಬು, ಹೂಜಿ, ಬಾಳೆಹಣ್ಣು ಹೇಳಿಕೊಡುತ್ತಾರೆ. ಮನೆಗೆ ಬಂದು ತಮಗೆ ಬೇಕಾದ್ದನ್ನು ಬರೆಯುತ್ತಾರೆ. ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದಾರೆ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಚಿತ್ರ ಮಾರಾಟವಾಗಿಲ್ಲ. ನಮ್ಮ ಮನೆಗೆ ನೆಂಟರು ಬಂದರೆ ಹಾಲಿನಲ್ಲಿ ಕೂರುವುದಿಲ್ಲ, ಚಿತ್ರಗಳ ಸಂದಿಯಲ್ಲಿ ನಿಲ್ಲುತ್ತಾರೆ.

ಈ ಸಲ ಊರಿನ ಕಲಾಸಕ್ತರು ಸೇರಿ ಒಂದು ದಿನದ ಚಿತ್ರಸಂತೆ ಇಟ್ಟುಕೊಂಡರು. ಬಯಲಿನಲ್ಲಿ ಚಪ್ಪರ, ಚಪ್ಪರದ ಕೆಳಗೆ ಕಲಾವಿದರು, ಜನ ಓಡಾಡಿಕೊಂಡು ನೋಡಿ, ಬೇಕಾದ್ದನ್ನು ಕೊಳ್ಳುವುದು. ಒಳ್ಳೆಯ ಯೋಚನೆಯೇ. ಆದರೆ ದಿನ ಯಾವುದು ಗೊತ್ತೇ? ಪಿತೃಪಕ್ಷದ ಭಾನುವಾರ!

ಯಾಕೆ ಅಂದರೆ, ಪಿತೃಪಕ್ಷದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹಾಗಾಗಿ ಮೈದಾನ ಸಿಕ್ಕಿತು, ಕುರ್ಚಿ ಸಿಕ್ಕಿತು, ಮೈಕ್‌ನವನು ಅರ್ಧ ರೇಟಿಗೆ ಬಂದ. ಆ ಹದಿನೈದು ದಿನ ನಮ್ಮ ಜನ ಮನೆಗೆ ಒಂದು ಹೊಸ ಪೊರಕೆಯನ್ನೂ ತರುವುದಿಲ್ಲ ಎನ್ನುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಸಂಘಟಕರಿಗೆ ಹೇಳೋಣವೆಂದರೆ ಅವರ ಹತ್ತಿರ ಹೊಸ ಮೊಬೈಲ್. ಬರುವ ಕಾಲ್‌ಗೂ ದುಡ್ಡು ಬೀಳುತ್ತದೆಂದು ಅವರು ಅದನ್ನು ಎತ್ತುವುದಿಲ್ಲ.

ಪ್ರತಿ ಕಲಾವಿದರಿಗೂ ಅಂಟು ಹಚ್ಚಿದ ಐದು ಚೀಟಿ ಕೊಟ್ಟಿದ್ದರು. ಕೆಂಪು ಅಕ್ಷರದಲ್ಲಿ ‘ಮಾರಾಟವಾಗಿದೆ’ ಎಂದು. ಚಿತ್ರ ಹೋದರೆ ಅದರ ಮೇಲೆ ಅಂಟಿಸಬೇಕು. ಯಜಮಾನರು ಹಿಂದಿನ ದಿನವೇ ಆ ಚೀಟಿಗಳನ್ನು ತಂದು, ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಲ್ಲಿ ಇಟ್ಟುಕೊಂಡರು.

“ನೋಡು, ಒಂದಾದ್ರೂ ಚೀಟಿ ಅಂಟಿಸ್ಬೇಕು. ಇಲ್ಲ ಅಂದ್ರೆ ನಾಳೆಯಿಂದ ನಾನು ಬ್ರಷ್ ಮುಟ್ಟಲ್ಲ” ಅಂದರು.

“ಹಾಲ್ ಖಾಲಿಯಾಗತ್ತೆ ಬಿಡಿ” ಅಂದೆ.

ಅವರು ನಗಲಿಲ್ಲ. ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳದೆ ಎದ್ದುಹೋದರು. ಆಗ ನನಗೆ ಗೊತ್ತಾಯಿತು, ಈ ಮನುಷ್ಯ ತಮಾಷೆ ಮಾಡುತ್ತಿಲ್ಲ.

ಭಾನುವಾರ ಬೆಳಿಗ್ಗೆ ಲಗೇಜ್ ಆಟೋದಲ್ಲಿ ಹದಿನಾಲ್ಕು ಚಿತ್ರ ಹೇರಿಕೊಂಡು ಹೋದೆವು. ಎಲ್ಲಕ್ಕಿಂತ ದೊಡ್ಡದು ಒಬ್ಬ ಪೇಟದ ಮುದುಕನ ಚಿತ್ರ. ಅವರ ಪ್ರಕಾರ ಅದು ಅವರ ಮಾಸ್ಟರ್‌ಪೀಸ್. ಆಟೋ ಹಂಪ್ ಹಾರಿದ ರಭಸಕ್ಕೆ ಆ ಚಿತ್ರದ ಸ್ಟ್ಯಾಂಡಿನ ಕಾಲು ಮುರಿಯಿತು. ಹಾಗಾಗಿ ಸ್ಟ್ಯಾಂಡಿನ ಕೆಲಸ ನನಗೆ ಬಂತು. ಕುರ್ಚಿಯಲ್ಲಿ ಕೂತು, ಮುದುಕನನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಹಿಂದಿನಿಂದ ಹಿಡಿದುಕೊಂಡೆ. ಮುಂದಿನಿಂದ ನೋಡಿದವರಿಗೆ ಚಿತ್ರದ ಮೇಲೊಂದು ನನ್ನ ತಲೆ, ಕೆಳಗೆ ನನ್ನ ಎರಡು ಕಾಲು.

ಜನ ಬಂದರು. ನೋಡಿದರು. “ಕೈಯಲ್ಲೇ ಬರ್ದಿದ್ದಾ?” ಎಂದು ಕೇಳಿದರು. ಒಬ್ಬಾಕೆ ಬ್ಯಾಗಿನಿಂದ ಸೋಫಾ ಕವರಿನ ತುಂಡು ತೆಗೆದು ಒಂದೊಂದೇ ಚಿತ್ರದ ಮೇಲಿಟ್ಟು ಬಣ್ಣ ಹೊಂದಿಸಿ ನೋಡಿದರು. ಯಾವುದೂ ಹೊಂದಲಿಲ್ಲ. “ಸಾರ್, ಇದನ್ನೇ ಸ್ವಲ್ಪ ಕಾಫಿ ಕಲರಲ್ಲಿ ಮಾಡ್ಕೊಡ್ತೀರಾ?” ಅಂದರು. ಯಜಮಾನರ ಮುಖ ಕೆಂಪಾಯಿತು. “ಟೀ ಕುಡಿದು ಬರ್ತೀನಿ” ಎಂದು ಹೊರಟೇಹೋದರು.

ಅವರು ಹೋಗಿ ಹತ್ತು ನಿಮಿಷವಾಗಿತ್ತೋ ಇಲ್ಲವೋ, ಎದುರಿಗೆ ಒಬ್ಬ ಹೆಂಗಸು ಬಂದು ನಿಂತರು. ಅರವತ್ತು ದಾಟಿದ ವಯಸ್ಸು. ಹಿಂದೆ ಇಬ್ಬರು ತಮ್ಮಂದಿರು. ಕುಣಿಗಲ್ ಕಡೆಯವರು. ಹಿರಿಯರ ಹಬ್ಬಕ್ಕೆ ಎಡೆಗಿಡಲು ಹೊಸ ಪಂಚೆ, ತೆಂಗಿನಕಾಯಿ, ಊದುಬತ್ತಿ, ಕರ್ಪೂರ ಎಲ್ಲ ಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಮೈಕ್ ಸದ್ದು ಕೇಳಿ ಒಳಗೆ ಬಂದಿದ್ದರು. (ನೋಡಿ, ಇಡೀ ತುಮಕೂರಿನಲ್ಲಿ ಅವತ್ತು ಏನಾದರೂ ಕೊಂಡವರೆಂದರೆ ಹೀಗೆ ಸತ್ತವರಿಗಾಗಿ ಕೊಂಡವರೇ.)

ಆಕೆ ಚಿತ್ರ ನೋಡಿದರು. ಕೈಯಲ್ಲಿದ್ದ ಬ್ಯಾಗು ಕೆಳಗೆ ಬಿತ್ತು.

“ಲೇ ಕೆಂಪಾ... ಅಪ್ಪ ಕಣ್ಲಾ! ಇಲ್ ಬಂದು ಕುಂತವ್ನೆ!”

ಕೆಂಪಣ್ಣ, ದೊಡ್ಡ ತಮ್ಮ, ಬಗ್ಗಿ ನೋಡಿದ. “ಊಂ ಕಣಕ್ಕ! ಅದೇ ಮೂಗು!”

ಚಿಕ್ಕವನು ಸಿದ್ದರಾಜು ಚಿತ್ರಕ್ಕಿಂತ ಅಕ್ಕನ ಮುಖವನ್ನೇ ನೋಡುತ್ತಿದ್ದ. ಅಪ್ಪ ಸತ್ತಾಗ ಅವನು ತೊಟ್ಟಿಲಲ್ಲಿದ್ದನಂತೆ. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆ ಎಂದು ಆ ಅಪ್ಪ ಸ್ಟುಡಿಯೋ ಮೆಟ್ಟಿಲೇ ಹತ್ತಿರಲಿಲ್ಲ. ಫೋಟೋ ಇಲ್ಲದೆಯೂ ಆಯುಸ್ಸು ಮುಗಿಯಿತು. ಅಂದಿನಿಂದ ಪ್ರತಿ ವರ್ಷ ಆ ಮನೆಯಲ್ಲಿ ಒಂದು ಕಳಶಕ್ಕೆ ಪಂಚೆ ಸುತ್ತಿ ಎಡೆ ಇಡುತ್ತಾರೆ. ಸಿದ್ದರಾಜುವಿಗೆ ಅಪ್ಪ ಅಂದರೆ ಒಂದು ಚೊಂಬು.

ಈಗ ಒಂದು ಸತ್ಯ ಹೇಳುತ್ತೇನೆ. ಆ ಮೂಗು ಅವರಪ್ಪನದಲ್ಲ, ನಮ್ಮ ಯಜಮಾನರ ಹಳೆಯ ಹೆಡ್‌ಮಾಸ್ಟರದು. ಮೀಸೆ ಗುಬ್ಬಿ ಬಸ್ಸಿನ ಕಂಡಕ್ಟರನದು. ಪೇಟ ಕ್ಯಾಲೆಂಡರಿನದು. ಕಣ್ಣು? ನನ್ನವು. ಮಾಡೆಲ್ ಸಿಗದೆ ಮೂರು ಸಂಜೆ ನನ್ನನ್ನೇ ಕೂರಿಸಿದ್ದರು.

ಗಂಗಮ್ಮನವರು (ಆ ಅಕ್ಕನ ಹೆಸರು) ಚಿತ್ರವನ್ನು ನೋಡಿ, ತಲೆಯೆತ್ತಿ ನನ್ನನ್ನು ನೋಡಿ, “ನಿನ್ನ ನೋಡುದ್ರೂ ಯಾಕೋ ನಮ್ಮಪ್ಪನ್ನೇ ನೋಡ್ದಂಗಾಯ್ತದೆ ಕಣವ್ವ” ಎಂದು ಕಣ್ಣೊರೆಸಿಕೊಂಡರು.

ಆಗಲೇ ಹೇಳಬಹುದಿತ್ತು. “ಅಮ್ಮಾ, ಇದು ಯಾರೂ ಅಲ್ಲ” ಅನ್ನುವ ನಾಲ್ಕು ಪದ. ಹೇಳಲಿಲ್ಲ. ನನ್ನ ಕಣ್ಣು ಆ ಐದು ಚೀಟಿಗಳ ಮೇಲಿತ್ತು.

ಕೆಂಪಣ್ಣನಿಗೆ ಒಂದು ಅನುಮಾನ ಬಂತು. “ಅಕ್ಕ, ಅಪ್ಪಂಗೆ ಕಿವೀಲಿ ಒಂಟಿ ಇತ್ತಲ್ವಾ? ಇದ್ರಲ್ಲಿ ಇಲ್ವಲ್ಲ?”

“ಥೂ ನಿನ್ನ! ಸತ್ತಾಗ ನಾವೇ ಬಿಚ್ಕೊಂಡ್ವಲ್ಲೋ! ಇನ್ನೆಲ್ಲಿಂದ ಹಾಕ್ಕೊಂಡಾನು?”

ಇದಕ್ಕೆ ಯಾವ ವಿಶ್ವವಿದ್ಯಾಲಯದಲ್ಲಿ ಉತ್ತರವಿದೆ? ಕೆಂಪಣ್ಣ ಒಪ್ಪಿಕೊಂಡ. ನಾನೂ ಒಪ್ಪಿಕೊಂಡೆ.

ಮುಂದಿನದೆಲ್ಲ ಬೇಗ ಬೇಗ ಆಯಿತು. ಮುದುಕನ ಹಣೆಗೆ ವಿಭೂತಿ ಬಂತು. ವಿಭೂತಿಯ ನಡುವೆ ಕುಂಕುಮ ಬಂತು. ಚಪ್ಪರದ ಗೂಟದ ಕಲ್ಲಿಗೆ ತೆಂಗಿನಕಾಯಿ ಒಡೆದರು. ಊದುಬತ್ತಿಯನ್ನು ನನ್ನ ಕುರ್ಚಿಯ ಸಂದಿಗೆ ಸಿಕ್ಕಿಸಿದರು. ಒಂದು ಹೋಳಿನಲ್ಲಿ ಹಿಡಿ ಕರ್ಪೂರ ಹಾಕಿ ಹಚ್ಚಿ, ನನ್ನ ಮುಂದೆ ಇಟ್ಟು, ಮೂವರೂ ಅಡ್ಡಬಿದ್ದರು. ನನಗೆ ಆಶೀರ್ವಾದ ಮಾಡಬೇಕೋ ಬೇಡವೋ ತಿಳಿಯಲಿಲ್ಲ.

ಅಡ್ಡಬಿದ್ದವರನ್ನು ಕಂಡರೆ ನಮ್ಮ ಜನ ಸುಮ್ಮನೆ ಹೋಗುತ್ತಾರೆಯೇ? ಎರಡೇ ನಿಮಿಷಕ್ಕೆ ಸಾಲು ನಿಂತಿತು.

“ಯಾವ ಸ್ವಾಮಿಗಳು?”

“ಗೊತ್ತಿಲ್ಲ, ಕೈ ಮುಗಿ.”

ಬೆಳಗಿನಿಂದ ನಮ್ಮ ಹತ್ತಿರ ಸುಳಿಯದ ಜನ! ಹದಿಮೂರು ಚಿತ್ರಗಳನ್ನು ದಾಟಿಕೊಂಡು ಬಂದು ಹದಿನಾಲ್ಕನೆಯದಕ್ಕೆ ಹೂವು ಹಾಕಿದರು.

ಸಾಲಿನಲ್ಲಿ ಒಬ್ಬ ಅಜ್ಜ ನನ್ನ ಕಾಲಿನ ಬಳಿಯಿದ್ದ ಬಾಟಲಿ ನೋಡಿದರು. ಯಜಮಾನರು ಬ್ರಷ್ ತೊಳೆಯುವ ಟರ್ಪೆಂಟೈನನ್ನು ಮಿನರಲ್ ವಾಟರ್ ಬಾಟಲಿಯಲ್ಲಿ ತುಂಬಿಸಿ ತಂದಿದ್ದರು. ನೀರಿನಂತೆಯೇ ತಿಳಿಯಾಗಿರುತ್ತದೆ. ಅಜ್ಜ ಮುಚ್ಚಳ ತೆಗೆದು ಮೂಸಿದರು.

“ಆಹಾ, ತೀರ್ಥಕ್ಕೆ ಪಚ್ಚಕರ್ಪೂರ ಜಾಸ್ತಿನೇ ಹಾಕವ್ರೆ.”

ಅಂಗೈ ಗುಳಿ ಮಾಡಿ ಸುರಿದುಕೊಂಡರು. ಕೈ ಬಾಯಿಯ ಕಡೆಗೆ ಹೊರಟಿತು.

ಈ ಕ್ಷಣವೇ ನನಗೆ ಮತ್ತೆ ಮತ್ತೆ ಬರುವುದು. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ. ಆ ಕೈ ಮೇಲೇಳುತ್ತದೆ, ಏಳುತ್ತಲೇ ಇರುತ್ತದೆ. ನಾನು ಕಿರುಚಿದೆ. “ಅಜ್ಜಾ, ವಿಷ!”

ಅಜ್ಜ ಬೆಚ್ಚಿ ಕೈ ಕೊಡವಿದರು. ಬಾಟಲಿ ಕೆಳಗೆ ಬಿತ್ತು. ಗುಳುಗುಳು ಎಂದು ಉರುಳಿಕೊಂಡು ಸೀದಾ ಕರ್ಪೂರದ ಕಡೆಗೆ ಹೋಯಿತು.

ಭಗ್!

ನೆಲದಿಂದ ಒಂದು ಆಳೆತ್ತರದ ಕಪ್ಪು ಹೊಗೆಯ ಬೆಂಕಿ. ಚಪ್ಪರದ ಮೂಲೆಯ ಗರಿ ಚಟಪಟ ಅಂದಿತು. ಸಾಲು ನಿಂತಿದ್ದ ಭಕ್ತರು ದೇವರನ್ನು ಅಲ್ಲೇ ಬಿಟ್ಟು ಮಾಯವಾದರು. ನಾನು ಏಳಲಿಲ್ಲ. ಏಳಲಾಗಲಿಲ್ಲ. ತೊಡೆಯ ಮೇಲೆ ಅಷ್ಟು ದೊಡ್ಡ ಚಿತ್ರ, ಮುಂದೆ ಬೆಂಕಿ, ಬೆನ್ನಿಗೆ ಗೂಟ. ಕಾಲಿಗೆ ಶಾಖ ತಾಗುತ್ತಿತ್ತು. ಟರ್ಪೆಂಟೈನ್ ಎಷ್ಟು ಡಿಗ್ರಿಗೆ ಹೊತ್ತಿಕೊಳ್ಳುತ್ತದೆ ಎಂದು ನೆನಪು ಮಾಡಿಕೊಳ್ಳುತ್ತಾ ಕೂತಿದ್ದೆ. ವಿದ್ಯೆಯಿಂದ ಅಷ್ಟು ಪ್ರಯೋಜನವಾಯಿತು.

“ಅಪ್ಪನ್ನ ಎತ್ಕೊಳ್ರೋ!” ಗಂಗಮ್ಮ ಕೂಗಿದರು.

ಗಮನಿಸಿ. ‘ಆ ಹೆಂಗಸನ್ನ ಎಳೀರೋ’ ಎಂದು ಯಾರೂ ಕೂಗಲಿಲ್ಲ.

ಸಿದ್ದರಾಜು ಬೆಂಕಿ ದಾಟಿ ಹಾರಿ ಬಂದ. ಅಪ್ಪನನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿಕೊಂಡ. ಚಿತ್ರದ ಹಿಂದಿನ ದಾರಕ್ಕೆ ನನ್ನ ಬಳೆ ಸಿಕ್ಕಿಕೊಂಡಿತ್ತು. ಹಾಗಾಗಿ ಅಪ್ಪನ ಜೊತೆ ನಾನೂ ಬಂದೆ. ನಾನು ಇವತ್ತು ಬದುಕಿರುವುದು ಆ ಬಳೆಯ ಕೃಪೆ.

ಕೆಂಪಣ್ಣ ಎಡೆಗೆ ತಂದ ಹೊಸ ಪಂಚೆಯಿಂದಲೇ ಬೆಂಕಿಗೆ ಬಡಿದ. ಯಾರೋ ಮಣ್ಣು ಎರಚಿದರು, ಯಾರೋ ಉರಿಯುವ ಗರಿ ಎಳೆದುಹಾಕಿದರು. ಬೆಂಕಿ ಆರಿತು. ಪಂಚೆ ಸುಟ್ಟಿತ್ತು. ಅಜ್ಜ ದೂರದ ನಲ್ಲಿಯಲ್ಲಿ ಕೈ ತೊಳೆಯುತ್ತಾ, “ತೀರ್ಥ ಬೇಡಾಂದ್ರೆ ಬೇಡ ಅನ್ಬೇಕಪ್ಪ” ಎಂದು ಗೊಣಗುತ್ತಿದ್ದರು.

ಆಗ ಯಜಮಾನರು ಬಂದರು. ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ಅರ್ಧ ಸುಟ್ಟ ಚಪ್ಪರ ನೋಡಿದರು, ಮಸಿ ಹಿಡಿದ ಹೆಂಡತಿಯನ್ನು ನೋಡಿದರು. ಮೊದಲು ಏನಂದರು ಹೇಳಿ?

“ನನ್ನ ಪೇಂಟಿಂಗಿಗೆ ಬೊಟ್ಟು ಇಟ್ಟೋರು ಯಾರು?”

ನಾನು ನಡೆದದ್ದನ್ನು ಹೇಳಿದೆ. ಅವರು ಸತ್ಯವಂತರು. ಸತ್ಯವಂತರ ಜೊತೆ ಸಂಸಾರ ಕಷ್ಟ. “ನೋಡೀಮ್ಮ, ಇದು ನಿಮ್ಮ ತಂದೆ ಅಲ್ಲ” ಎಂದು ಹೆಡ್‌ಮಾಸ್ಟರ್, ಕಂಡಕ್ಟರ್, ಕ್ಯಾಲೆಂಡರ್ ಎಲ್ಲವನ್ನೂ ಪಾಠ ಒಪ್ಪಿಸಿದರು. ನಾನು ಕಣ್ಣು ಮುಚ್ಚಿಕೊಂಡೆ.

ಗಂಗಮ್ಮ ಶಾಂತವಾಗಿ ಕೇಳಿಸಿಕೊಂಡರು. “ಔದು ಬುಡಿ ಮೇಷ್ಟ್ರೇ. ನಿಮಗೆಂಗೆ ಗೊತ್ತಾಗ್ಬೇಕು? ಅವ್ನೇ ನಿಮ್ಮ ಕೈಲಿ ಬರೆಸವ್ನೆ. ನಾವು ಮನೆಗೆ ಕರ್ಕೊಂಡೋಗ್ತೀವಿ.”

ಯಜಮಾನರ ಮುಖ ಅರಳಿತು. ಕಡಲೆಕಾಯಿ ನನ್ನ ಕೈಗೆ ಕೊಟ್ಟು, ಇಪ್ಪತ್ತು ವರ್ಷ ಕಾದ ಆ ಚೀಟಿಯನ್ನು ಬಿಡಿಸಿ, ಅಂಟಿಸಲು ಹೋದರು.

“ಏನದು?”

ಸಿದ್ದರಾಜು ಓದಿ ಹೇಳಿದ. “ಮಾರಾಟವಾಗಿದೆ ಅಂತ ಅಕ್ಕ.”

“ನಮ್ಮಪ್ಪನ ಮೇಲೆ ಮಾರಾಟ ಅಂತ ಚೀಟಿ ಅಂಟುಸ್ತೀರಾ? ಅವ್ನೇನು ಸಂತೆಗೆ ತಂದ ಎತ್ತಾ?”

“ಅಮ್ಮಾ, ಕೊಂಡ್ಕೊಂಡ್ರೆ ತಾನೇ—”

“ಅಪ್ಪನ್ನ ದುಡ್ಡು ಕೊಟ್ಟು ಕೊಂಡ್ಕೊಂಬಂದ್ರು ಅಂತ ಊರಲ್ಲಿ ಆಡ್ಕೊಳ್ಳಲ್ವಾ? ಬೇಕಾದ್ರೆ ನಿಮಗೆ ಎರಡು ಮೂಟೆ ರಾಗಿ ಕಳುಸ್ತೀವಿ. ಕೊಳ್ಳದು ಮಾತ್ರ ಇಲ್ಲ.”

“ನನಗೆ ರಾಗಿ ಬೇಡಮ್ಮ. ಮಾರಾಟ ಆಗ್ಬೇಕು.”

ಅವರು ಚೀಟಿಯನ್ನು ಕೆಳಗಿಡಲಿಲ್ಲ. ಒಂದು ಕಡೆ ಅಪ್ಪನನ್ನು ಕೊಳ್ಳಲಾರದ ಮಕ್ಕಳು, ಇನ್ನೊಂದು ಕಡೆ ಪುಕ್ಕಟೆ ಕೊಡಲಾರದ ಕಲಾವಿದ. ನಡುವೆ ವಿಭೂತಿ ಬಳಿದುಕೊಂಡ ಮುದುಕ ನನ್ನ ಕಣ್ಣಿನಿಂದ ಎಲ್ಲರನ್ನೂ ನೋಡುತ್ತಿದ್ದ.

ಚಿತ್ರವನ್ನು ಎದೆಗೆ ಆನಿಸಿಕೊಂಡಿದ್ದ ಸಿದ್ದರಾಜು ಒಂದು ದಾರಿ ಹೇಳಿದ.

“ಸಾ, ಚೀಟಿನ ಚೌಕಟ್ಟಿಗೆ ಅಂಟ್ಸಿ. ಚೌಕಟ್ಟು ನಾವು ಕೊಂಡ್ಕೊತೀವಿ. ಅಪ್ಪ ಜೊತೇಲಿ ಬತ್ತಾನೆ.”

ಗಂಗಮ್ಮ ಯೋಚಿಸಿ ತಲೆಯಾಡಿಸಿದರು. ಬೋರ್ಡಿನಲ್ಲಿ ಬರೆದಿದ್ದ ಬೆಲೆಯಷ್ಟನ್ನೂ ಒಂದು ರೂಪಾಯಿ ಚೌಕಾಸಿ ಮಾಡದೆ ಕೊಟ್ಟರು. ಯಜಮಾನರು ಮಸಿ ಹಿಡಿದ ಮರದ ಪಟ್ಟಿಯ ಮೇಲೆ ಚೀಟಿ ಅಂಟಿಸಿದರು. ಒಂದು ಸಲ ಒತ್ತಿದರು. ಇನ್ನೊಂದು ಸಲ ಒತ್ತಿದರು. ಕುಣಿಗಲ್ ಬಸ್ಸಿನ ಕಿಟಕಿಯ ಪಕ್ಕ ಸಿದ್ದರಾಜು ಅಪ್ಪನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದುದನ್ನು ನಾವಿಬ್ಬರೂ ನಿಂತು ನೋಡಿದೆವು.

ಮಾರನೆಯ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಯಜಮಾನರು ಹೊಸ ಕ್ಯಾನ್ವಾಸಿನ ಮುಂದೆ ಕೂತಿದ್ದರು. ಅಂದಿನಿಂದ ದಿನಕ್ಕೆ ಮೂರು ಸಲವಾದರೂ ಕೇಳುತ್ತಾರೆ. “ಒಟ್ನಲ್ಲಿ ಚಿತ್ರ ಮಾರಾಟ ಆಯ್ತು, ಅಲ್ವಾ?”

ಹೋಗಿದ್ದು ಚೌಕಟ್ಟು ಕಣ್ರೀ ಎಂದು ಯಾವ ಹೆಂಡತಿ ಹೇಳಿಯಾಳು?